ಮೂವತ್ತನಾಲ್ಕರಲ್ಲಿ ಎಂಬಿಬಿಎಸ್‌ಗೆ ಅರ್ಜಿ ಹಾಕಬಹುದೇ?

ಪ್ರಶ್ನೆ: ನನಗೆ 34 ವರ್ಷ. ಹರಿಹರ ತಾಲ್ಲೂಕಿನ ಹಳ್ಳಿಯಲ್ಲಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದೆ. 2009ರಲ್ಲಿ ಪಿಯುಸಿ ವಿಜ್ಞಾನ ಮುಗಿಸಿದಾಗ ಸಿಇಟಿಯಲ್ಲಿ ವೈದ್ಯಕೀಯ ಸೀಟು ಸಿಗಲಿಲ್ಲ. ಬಿ.ಫಾರ್ಮಾ ಮಾಡಿ ಈಗ ಖಾಸಗಿ ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿದ್ದೇನೆ. ಪತಿ ಪ್ರೌಢಶಾಲಾ ಶಿಕ್ಷಕರು, ಮಗಳಿಗೆ ಏಳು ವರ್ಷ. ಡಾಕ್ಟರ್ ಆಗಬೇಕೆಂಬ ಆಸೆ ಮಾತ್ರ ಹೋಗಿಲ್ಲ. ಈ ವಯಸ್ಸಿನಲ್ಲಿ ನೀಟ್ ಬರೆಯಲು ಬಿಡುತ್ತಾರೆಯೇ? ಇಷ್ಟು ವರ್ಷದ ಆಸ್ಪತ್ರೆ ಅನುಭವಕ್ಕೆ ಏನಾದರೂ ಬೆಲೆ ಇದೆಯೇ? ಸಾಲ ಮಾಡಿ ಖಾಸಗಿ ಕಾಲೇಜಿಗೆ ಅಥವಾ ವಿದೇಶಕ್ಕೆ ಹೋಗುವುದು ಸರಿಯೇ?

ಉತ್ತರ: ಬಿಡುತ್ತಾರೆ. ಅನುಭವಕ್ಕೆ ಬೆಲೆ ಇಲ್ಲ. ಸಾಲ ಮಾಡಿ ಹೋಗಬೇಡಿ. ನಿಮ್ಮ ಮೂರು ಪ್ರಶ್ನೆಗಳಿಗೆ ನನ್ನ ಉತ್ತರ ಇಷ್ಟೇ. ಆದರೆ ಈ ಮೂರರ ನಡುವೆ ಬಹಳ ಸಂಗತಿಗಳಿವೆ, ಅವನ್ನು ಬಿಡಿಸಿ ಹೇಳಬೇಕು.

ಮೊದಲು ಕಾನೂನು. ನೀಟ್‌ಗೆ ಸಾಮಾನ್ಯ ವರ್ಗದವರಿಗೆ 25, ಮೀಸಲಾತಿ ವರ್ಗದವರಿಗೆ 30 ಎಂಬ ಗರಿಷ್ಠ ವಯೋಮಿತಿ ಕೆಲವು ವರ್ಷ ಇತ್ತು. 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಕೊನೆಯಲ್ಲಿ ಸುಪ್ರೀಂ ಕೋರ್ಟ್, ಅಂತಿಮ ತೀರ್ಪಿಗೆ ಒಳಪಟ್ಟು, 25 ದಾಟಿದವರೂ ಪರೀಕ್ಷೆ ಬರೆಯಬಹುದು ಎಂದಿತು. ಈ ತೂಗುಯ್ಯಾಲೆ ನಿಂತದ್ದು 2022ರ ಮಾರ್ಚ್‌ನಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಗರಿಷ್ಠ ಮಿತಿಯನ್ನು ತೆಗೆದುಹಾಕಿದಾಗ. ಈಗ ಉಳಿದಿರುವುದು ಕನಿಷ್ಠ ವಯಸ್ಸು ಮಾತ್ರ: ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಎಷ್ಟು ಬಾರಿ ಬರೆಯಬಹುದು ಎಂಬುದಕ್ಕೂ ಮಿತಿಯಿಲ್ಲ. 2020ರ ಕೊನೆಯಲ್ಲಿ ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ನೇ ವಯಸ್ಸಿನಲ್ಲಿ ಬುರ್ಲಾದ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದರು. ಆ ಸುದ್ದಿಯ ಕತ್ತರಿಕೆ ಹಿಡಿದುಕೊಂಡು ನನ್ನ ಬಳಿ ಬರುವವರು ಈಗಲೂ ಇದ್ದಾರೆ. ನಾನು ಅವರಿಗೆ ಹೇಳುವುದು ಒಂದೇ: ಪಿಂಚಣಿ ಬರುವ, ಮಕ್ಕಳು ದೊಡ್ಡವರಾದ ಮನುಷ್ಯನ ಲೆಕ್ಕ ಬೇರೆ, ನಿಮ್ಮದು ಬೇರೆ.

ಇನ್ನು ಅನುಭವ. ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ವೈದ್ಯಕೀಯ ಶಾಲೆಗೆ ಅರ್ಜಿ ಹಾಕುವವರನ್ನು ಸಂದರ್ಶನ ಮಾಡುತ್ತಾರೆ, ರೋಗಿಗಳ ನಡುವೆ ಏನು ಕೆಲಸ ಮಾಡಿದ್ದೀರಿ ಎಂದು ಕೇಳುತ್ತಾರೆ. ದೊಡ್ಡ ವಯಸ್ಸಿನವರಿಗೆ ಅಲ್ಲಿ ಅದೇ ಬಲ. ನಮ್ಮಲ್ಲಿ ಸಂದರ್ಶನವಿಲ್ಲ, ಶಿಫಾರಸು ಪತ್ರವಿಲ್ಲ. ನೀವು ಎಷ್ಟು ವೈದ್ಯರ ಕೈಬರಹ ಓದಿ ಎಷ್ಟು ತಪ್ಪು ಡೋಸ್ ತಡೆದಿದ್ದೀರಿ ಎಂದು ಯಾರೂ ಕೇಳುವುದಿಲ್ಲ. ಇರುವುದು 180 ಪ್ರಶ್ನೆ, 180 ನಿಮಿಷ, 720 ಅಂಕ. ಸರಿ ಉತ್ತರಕ್ಕೆ ನಾಲ್ಕು ಕೂಡಿಸುತ್ತಾರೆ, ತಪ್ಪಿಗೆ ಒಂದು ಕಳೆಯುತ್ತಾರೆ. ಇದು ಅನ್ಯಾಯ ಎಂದು ನನಗೆ ಅನ್ನಿಸುತ್ತದೆ, ಆದರೆ ಇದೇ ನಿಯಮ ನಿಮಗೆ ರಕ್ಷಣೆಯೂ ಹೌದು: ಒಎಂಆರ್ ಹಾಳೆಗೆ ವಯಸ್ಸು ಕಾಣುವುದಿಲ್ಲ. "ಈ ವಯಸ್ಸಿನಲ್ಲಿ ಯಾಕಮ್ಮಾ" ಎಂದು ಕೇಳುವ ಸಮಿತಿ ಎಲ್ಲೂ ಕುಳಿತಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನೀವು ಸುಮ್ಮನೆ ಹೇಳಿ ದಾಟಿದ ಒಂದು ಸಾಲು ನನಗೆ ಉಳಿದ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ, ಹತ್ತು ವರ್ಷ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವ ಸೀಟುಗಳಲ್ಲಿ ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಒಳ ಮೀಸಲಾತಿ ಇದೆ. ಈ ಹಕ್ಕಿಗೆ ಅವಧಿ ಮುಗಿಯುವುದಿಲ್ಲ. ನೀವು ಶಾಲೆಗೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ ಎಂಬುದು ಅಡ್ಡಿಯಲ್ಲ. ಪ್ರಾಧಿಕಾರದ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ತೆರೆದು ನೋಡಿ. ಪ್ರತಿ ವರ್ಗದ ಮುಂದೆ ಜಿ (ಒಳ ಮೀಸಲಾತಿಯಿಲ್ಲದ್ದು), ಕೆ, ಆರ್ ಎಂಬ ಅಕ್ಷರಗಳಿರುತ್ತವೆ. ಜಿಎಂಆರ್ ಎಂದರೆ ಸಾಮಾನ್ಯ ವರ್ಗದ ಗ್ರಾಮೀಣ, 2ಎಕೆ ಎಂದರೆ 2ಎ ವರ್ಗದ ಕನ್ನಡ ಮಾಧ್ಯಮ. ನಿಮ್ಮ ವರ್ಗದ ಮೂರೂ ಕಂಬಸಾಲುಗಳಲ್ಲಿ ಸರ್ಕಾರಿ ಕಾಲೇಜುಗಳ ಕೊನೆಯ ರ‍್ಯಾಂಕ್ ಎಲ್ಲಿಗೆ ನಿಂತಿದೆ ಎಂದು ಬರೆದಿಟ್ಟುಕೊಳ್ಳಿ. ನಿಮ್ಮ ಗುರಿ ಆ ಸಂಖ್ಯೆ, ನೀಟ್‌ನ ಅರ್ಹತಾ ಅಂಕವಲ್ಲ. ಅರ್ಹತೆ ಪಡೆಯುವುದು ಸುಲಭ, ಆದರೆ ಅದರಿಂದ ಸೀಟು ಸಿಗುವುದಿಲ್ಲ. 2025ರಲ್ಲಿ 22 ಲಕ್ಷ ಮಂದಿ ಬರೆದರು, 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು ಒಂದೂಕಾಲು ಲಕ್ಷದ ಆಸುಪಾಸು. ಅಂಕವನ್ನೂ ನಂಬಬೇಡಿ, ರ‍್ಯಾಂಕ್ ಅನ್ನು ನೋಡಿ. 2024ರಲ್ಲಿ ಪೂರ್ತಿ 720 ಪಡೆದವರಿದ್ದರು, ಮರುವರ್ಷ ಪ್ರಶ್ನೆಪತ್ರಿಕೆ ಕಠಿಣವಾಗಿ ದೇಶಕ್ಕೆ ಮೊದಲಿಗರಾದವರಿಗೆ ಬಂದದ್ದು 686.

ಈ ಮೀಸಲಾತಿ ಕಾಗದದ ಮೇಲೆ ನಿಲ್ಲಬೇಕಾದರೆ ಕಾಗದ ಬೇಕಲ್ಲ! ದೊಡ್ಡ ವಯಸ್ಸಿನ ಅಭ್ಯರ್ಥಿಗಳು ಎಡವುವುದು ಓದಿಗಿಂತ ಹೆಚ್ಚಾಗಿ ಇಲ್ಲಿ. ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದ ಪ್ರಮಾಣಪತ್ರ, ಇವಕ್ಕೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ನೀವು ಓದಿದ ಕಿರಿಯ ಪ್ರಾಥಮಿಕ ಶಾಲೆ ಇನ್ನೂ ಇದೆಯೇ, ಪಕ್ಕದ ಶಾಲೆಯೊಂದಿಗೆ ವಿಲೀನವಾಗಿದೆಯೇ, ದಾಖಲಾತಿ ಪುಸ್ತಕ ಯಾರ ಬೀರುವಿನಲ್ಲಿದೆ ಎಂಬುದನ್ನು ಈಗಲೇ ಹೋಗಿ ನೋಡಿ. ಫಲಿತಾಂಶ ಬಂದ ಮೇಲೆ ಹೊರಟರೆ ದಾಖಲೆ ಪರಿಶೀಲನೆಯ ದಿನಾಂಕ ನಿಮಗಾಗಿ ಕಾಯುವುದಿಲ್ಲ. ರಾಜ್ಯದ ಕೋಟಾಕ್ಕೆ ಅರ್ಹರಾಗಲು ಒಂದನೇ ತರಗತಿಯಿಂದ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂಬುದಕ್ಕೂ ಇದೇ ವ್ಯಾಸಂಗ ಪ್ರಮಾಣಪತ್ರವೇ ಆಧಾರ. ಜಾತಿ ಪ್ರಮಾಣಪತ್ರ ನಿಮ್ಮ ತಂದೆಯ ಕಡೆಯಿಂದಲೇ ಬರಬೇಕು, ಗಂಡನ ಮನೆಯದು ನಡೆಯುವುದಿಲ್ಲ. ಹಿಂದುಳಿದ ವರ್ಗದವರಾದರೆ ಸಿಇಟಿ ಕಾಲದಲ್ಲಿ ಮಾಡಿಸಿದ್ದರ ಅವಧಿ ಎಂದೋ ಮುಗಿದಿರುತ್ತದೆ. ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಇನ್ನೊಂದು, ಮದುವೆಯಾದ ಹೆಣ್ಣುಮಕ್ಕಳಿಗೆ ಮಾತ್ರ ಬರುವ ತೊಡಕು: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಅರ್ಜಿ ಹಾಕುವ ಮೊದಲೇ ಆಧಾರ್ ಅನ್ನು ಎಸ್ಸೆಸ್ಸೆಲ್ಸಿಯಲ್ಲಿರುವಂತೆ ತಿದ್ದಿಸಿ. ಓದು ನಿಲ್ಲಿಸಿದ ವರ್ಷಗಳಿಗೆ ವಿವರಣೆ ಕೇಳಿದರೆ ನೋಟರಿ ಅಫಿಡವಿಟ್ ಸಾಕು, ಅದಕ್ಕೆ ಹೆದರಬೇಕಿಲ್ಲ.

ನಿಮ್ಮ ಪಿಯುಸಿ ಅಂಕಪಟ್ಟಿ ನಡೆಯುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲಾತಿ ವರ್ಗಗಳಿಗೆ ಶೇ 40 ಇದ್ದರಾಯಿತು. (ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಳ್ಳದೆ ಎಂಜಿನಿಯರಿಂಗ್‌ಗೆ ಹೋಗಿದ್ದವರೂ ಈಗ ಆ ವಿಷಯವನ್ನು ಹೆಚ್ಚುವರಿಯಾಗಿ ಬರೆದು ನೀಟ್‌ಗೆ ಕೂರಬಹುದು, 2023ರ ನವೆಂಬರ್‌ನಲ್ಲಿ ಆಯೋಗ ಆ ದಾರಿ ತೆರೆಯಿತು. ನನಗೆ ಬರುವ ಪತ್ರಗಳಲ್ಲಿ ಸಾಫ್ಟ್‌ವೇರ್‌ನವರ ಪಾಲು ಹೆಚ್ಚುತ್ತಿರುವುದರಿಂದ ಹೇಳಿದೆ.)

ಅಂಕಪಟ್ಟಿ ನಡೆದರೂ ನೀವು ಅಂದು ಓದಿದ ಪಾಠ ನಡೆಯುವುದಿಲ್ಲ. ನಮ್ಮ ಪದವಿಪೂರ್ವ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯಕ್ರಮ ಬಂದದ್ದು 2012–13ರಿಂದ. ನೀವು ಓದಿದ್ದು ಅದಕ್ಕೂ ಹಿಂದಿನ ರಾಜ್ಯ ಪಠ್ಯ. ಅಟ್ಟದ ಮೇಲಿನ ಪುಸ್ತಕಗಳು ಅಲ್ಲೇ ಇರಲಿ. ಈಗಿನ ಮುದ್ರಣದ 11 ಮತ್ತು 12ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಅಂಗಡಿಯ ಹಳೆಯ ಮುದ್ರಣ ಬೇಡ. ಪಠ್ಯಕ್ರಮವನ್ನು ಇತ್ತೀಚೆಗೆ ಕತ್ತರಿಸಿದ್ದಾರೆ. 11ನೇ ತರಗತಿಯ ಜೀವಶಾಸ್ತ್ರದಿಂದ ಜೀರ್ಣಕ್ರಿಯೆಯ ಅಧ್ಯಾಯವನ್ನೇ ತೆಗೆದರು; ಡಾಕ್ಟರಾಗುವವರಿಗೆ ಹೊಟ್ಟೆಯ ವಿಷಯ ಯಾಕೆ ಎಂದುಕೊಂಡರೋ ಏನೋ.

180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, ಅಂದರೆ ಅರ್ಧ ಅಂಕ ಅಲ್ಲೇ. ಆ ಅರ್ಧ ನಿಮಗೆ ಒಲಿಯುತ್ತದೆ. ಔಷಧಶಾಸ್ತ್ರ ಓದಿದವರಿಗೆ ಸಾವಯವ ರಸಾಯನವೂ ಅಪರಿಚಿತವಲ್ಲ. ಕಷ್ಟ ಇರುವುದು ಭೌತಶಾಸ್ತ್ರದಲ್ಲಿ. ಹದಿನೈದು ವರ್ಷ ಲೆಕ್ಕ ಮಾಡದ ಕೈಗೆ ಒಂದು ಪ್ರಶ್ನೆಗೆ ಒಂದು ನಿಮಿಷದ ವೇಗ ಬರಲು ತಿಂಗಳುಗಳು ಬೇಕು. ಮೂವತ್ತು ದಾಟಿದವರು ಜೀವಶಾಸ್ತ್ರವನ್ನು ಮತ್ತೆ ಮತ್ತೆ ಓದುತ್ತಾ, ಅದು ತಲೆಗೆ ಹತ್ತುತ್ತಿರುವ ಖುಷಿಯಲ್ಲಿ, ಭೌತಶಾಸ್ತ್ರವನ್ನು ಮುಂದೂಡುವುದನ್ನು ನಾನು ಬೇಸರವಾಗುವಷ್ಟು ನೋಡಿದ್ದೇನೆ. ಬೆಳಿಗ್ಗೆ ಮನೆ ಏಳುವ ಮುಂಚಿನ ಒಂದೂವರೆ ಗಂಟೆಯನ್ನು ಲೆಕ್ಕಕ್ಕೇ ಇಡಿ: ಬಲವಿಜ್ಞಾನ, ವಿದ್ಯುತ್, ದೃಗ್ವಿಜ್ಞಾನ. ಓದುವುದನ್ನು ರಾತ್ರಿಗೆ ಬಿಡಿ. ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ತೆಗೆದುಕೊಳ್ಳಬಹುದು. ಪುಸ್ತಿಕೆಯಲ್ಲಿ ಇಂಗ್ಲಿಷೂ ಜೊತೆಗಿರುತ್ತದೆ, ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷೇ ಅಂತಿಮ. ನೀವು ಪಿಯುಸಿ, ಬಿ.ಫಾರ್ಮಾ ಎರಡನ್ನೂ ಇಂಗ್ಲಿಷಿನಲ್ಲಿ ಮುಗಿಸಿರುವುದರಿಂದ ತಯಾರಿಯನ್ನು ಇಂಗ್ಲಿಷಿನಲ್ಲೇ ಮಾಡಿ. ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರದ ಮಧ್ಯಾಹ್ನ. ಅಣಕು ಪರೀಕ್ಷೆಗಳನ್ನೂ ಅದೇ ಹೊತ್ತಿಗೆ ಬರೆದು ಅಭ್ಯಾಸ ಮಾಡಿ.

ಕೆಲಸ ಬಿಡಬೇಕೇ ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಸೀಟಿನ ಹಂಚಿಕೆ ಪತ್ರ ಕೈಗೆ ಬರುವವರೆಗೆ ಬಿಡಬೇಡಿ. ಬೇಕಾದರೆ ಪರೀಕ್ಷೆಗೆ ಮುಂಚಿನ ಎರಡು ತಿಂಗಳು ಸಂಬಳವಿಲ್ಲದ ರಜೆ ಕೇಳಿ. ಎರಡು ಸಲ ಬರೆಯಿರಿ, ಮೂರನೆಯದು ಬೇಡ. ಮಿತಿಯಿಲ್ಲ ಎಂದು ನಿಯಮ ಹೇಳುವುದು ಹದಿನೆಂಟರ ಹುಡುಗರಿಗೆ ಅನುಕೂಲ. ಮೂವತ್ತನಾಲ್ಕಕ್ಕೆ ಅದೊಂದು ಬಲೆ. ಮೊದಲ ಸಲ ಬರೆದ ರ‍್ಯಾಂಕನ್ನು ನೀವು ಬರೆದಿಟ್ಟುಕೊಂಡ ಆ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ. ಒಂದು ವರ್ಷದಲ್ಲಿ ದಾಟಬಹುದಾದ ಅಂತರವೋ ಅಲ್ಲವೋ ನಿಮಗೇ ತಿಳಿಯುತ್ತದೆ, ನನ್ನನ್ನು ಕೇಳಬೇಕಾಗಿಲ್ಲ.

ಹಣದ ಮಾತು. ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಅರವತ್ತು–ಎಪ್ಪತ್ತು ಸಾವಿರದ ಮಟ್ಟದಲ್ಲಿದೆ. ಖಾಸಗಿ ಕಾಲೇಜುಗಳಲ್ಲಿ ಸುಮಾರು ಶೇ 40ರಷ್ಟು ಸೀಟುಗಳನ್ನು ಸರ್ಕಾರ ತುಂಬುತ್ತದೆ. ಅಲ್ಲಿ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾದ ಸೀಟಿಗೆ ಹತ್ತು–ಹನ್ನೆರಡು ಲಕ್ಷ, ಪ್ರತಿ ವರ್ಷ. ಅನಿವಾಸಿ ಭಾರತೀಯರ ಕೋಟಾ ಇನ್ನೂ ಎಷ್ಟೋ ಮೇಲೆ. ಒಂದೇ ಬೆಂಚು, ಒಂದೇ ಪಾಠ, ಒಂದೇ ಪದವಿ. ಮೊದಲ ಎರಡು ಬಗೆಯ ಸೀಟು ಸಿಕ್ಕರೆ ಕಣ್ಣುಮುಚ್ಚಿ ಸೇರಿ. ಮೂರನೆಯದು ನಾಲ್ಕೂವರೆ ವರ್ಷಕ್ಕೆ ಅರ್ಧ ಕೋಟಿ ನುಂಗುತ್ತದೆ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳುತ್ತವೆ, ಅಂದರೆ ಮನೆಯೋ ಹೊಲವೋ ಹೋಗಬೇಕು. ಎಂಬಿಬಿಎಸ್ ಮುಗಿಸಿದ ಹೊಸಬರಿಗೆ ತಾಲ್ಲೂಕು ಕೇಂದ್ರದ ಖಾಸಗಿ ಆಸ್ಪತ್ರೆಗಳು ಎಷ್ಟು ಸಂಬಳ ಕೊಡುತ್ತವೆ ಎಂಬುದು ನೀವು ಕೆಲಸ ಮಾಡುವ ಜಾಗದಲ್ಲೇ ಗೊತ್ತಾಗುತ್ತದೆ. ಡ್ಯೂಟಿ ಡಾಕ್ಟರ್ ಒಬ್ಬರನ್ನು ಕೇಳಿ, ಆ ಸಂಬಳದಲ್ಲಿ ಐವತ್ತು ಲಕ್ಷದ ಕಂತು ಕಟ್ಟಲು ಎಷ್ಟು ವರ್ಷ ಬೇಕೆಂದು ಪತಿಯ ಜೊತೆ ಕುಳಿತು ಲೆಕ್ಕ ಹಾಕಿ. ಹದಿನೆಂಟರ ಹುಡುಗನಿಗೆ ಆ ಸಾಲ ತೀರಿಸಲು ನಲವತ್ತು ವರ್ಷದ ದುಡಿಮೆ ಮುಂದಿರುತ್ತದೆ. ನಿಮಗೆ ಅದರ ಅರ್ಧ, ಜೊತೆಗೆ ಮಗಳ ಕಾಲೇಜು ಶುಲ್ಕವೂ ಅದೇ ಹೊತ್ತಿಗೆ ಬಂದು ನಿಲ್ಲುತ್ತದೆ.

ವಿದೇಶದ ಬಗ್ಗೆ ಏಜೆಂಟರು ಹೇಳದ ಸಂಗತಿಗಳಿವೆ. ಅಲ್ಲಿಗೆ ಹೋಗಿ ಓದಿ ಇಲ್ಲಿ ವೃತ್ತಿ ಮಾಡಬೇಕಾದರೂ ನೀಟ್ ಅರ್ಹತೆ ಬೇಕೇ ಬೇಕು. 2021ರ ನವೆಂಬರ್‌ನ ನಿಯಮಾವಳಿಯ ಪ್ರಕಾರ ಒಂದೇ ಸಂಸ್ಥೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳ ಓದು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಆ ದೇಶದಲ್ಲೇ ವೃತ್ತಿ ಮಾಡಲು ಅರ್ಹತೆ, ಇಲ್ಲಿಗೆ ಬಂದ ಮೇಲೆ ಪರವಾನಗಿ ಪರೀಕ್ಷೆ, ಮತ್ತೆ 12 ತಿಂಗಳ ಇಂಟರ್ನ್‌ಶಿಪ್. ವಿದೇಶದಲ್ಲಿ ಓದಿ ಬಂದವರಿಗಾಗಿ ನಡೆಯುವ ಎಫ್‌ಎಂಜಿ ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದವರಲ್ಲಿ ಮೂರನೇ ಒಂದು ಭಾಗವೂ ಪಾಸಾಗುವುದಿಲ್ಲ. ಏಳು ವರ್ಷದ ಮಗುವನ್ನು ಬಿಟ್ಟು ಇದಕ್ಕೆ ಹೊರಡಿ ಎಂದು ನಾನು ಯಾರಿಗೂ ಹೇಳಲಾರೆ.

ಸೀಟು ಸಿಕ್ಕಿತು ಎಂದುಕೊಳ್ಳೋಣ. ಎಂಬಿಬಿಎಸ್ ಪೂರ್ಣಾವಧಿ ಕೋರ್ಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹಾಜರಾತಿ ಉಪನ್ಯಾಸಕ್ಕೆ ಶೇ 75, ಪ್ರಾಯೋಗಿಕಕ್ಕೆ ಶೇ 80. ಮೊದಲ ವರ್ಷವನ್ನು ನಾಲ್ಕು ಪ್ರಯತ್ನಗಳೊಳಗೆ ಮುಗಿಸಬೇಕು, ಇಡೀ ಓದನ್ನು ಒಂಬತ್ತು ವರ್ಷಗಳೊಳಗೆ. ಸಂಜೆ ಕಾಲೇಜು, ದೂರಶಿಕ್ಷಣ ಯಾವುದೂ ಇಲ್ಲ. ಯಾರಾದರೂ ಇದೆ ಎಂದರೆ ಮೋಸ. ಹಾಗೆಯೇ ಸೇರಿದ ಕಾಲೇಜಿನಿಂದ ಊರ ಹತ್ತಿರದ ಕಾಲೇಜಿಗೆ ವರ್ಗಾವಣೆ ಮಾಡಿಸಿಕೊಳ್ಳುವ ಆಸೆ ಇಟ್ಟುಕೊಳ್ಳಬೇಡಿ. 2023ರ ಪದವಿ ವೈದ್ಯಕೀಯ ಶಿಕ್ಷಣ ನಿಯಮಾವಳಿ ಅದನ್ನು ನಿಷೇಧಿಸಿತು, ಕೋರ್ಟಿನ ದಾರಿ ಹಿಡಿದವರ ಕಥೆಯನ್ನು ನಂಬಿ ಆಯ್ಕೆ ಮಾಡುವುದು ಅಪಾಯ. ಆದ್ದರಿಂದ ಆಯ್ಕೆ ಪಟ್ಟಿ ತುಂಬುವಾಗ ಹೆಸರಿಗೆ ಮರುಳಾಗಬೇಡಿ. ಬೆಂಗಳೂರು, ಮೈಸೂರಿನ ಹಳೆಯ ಕಾಲೇಜುಗಳಿಗೆ ಹೆಸರು ದೊಡ್ಡದು, ನಿಜ. ಆದರೆ ನಿಮಗೆ ಹರಿಹರದಿಂದ ವಾರಕ್ಕೊಮ್ಮೆಯಾದರೂ ಹೋಗಿಬರಲು ಆಗುವ ಜಾಗ ಬೇಕು. ಚಿತ್ರದುರ್ಗ, ಹಾವೇರಿ, ಶಿವಮೊಗ್ಗ, ಹುಬ್ಬಳ್ಳಿಯಲ್ಲಿ ಸರ್ಕಾರಿ ಕಾಲೇಜುಗಳಿವೆ. ದಾವಣಗೆರೆಯಲ್ಲಿ ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಕೋಟಾ ಸೀಟು ಸಿಕ್ಕರೆ ಮನೆಯಿಂದಲೇ ಓಡಾಡಬಹುದು. ಹೆಚ್ಚು ಶುಲ್ಕ ಕೊಟ್ಟರೂ ನಾನಾದರೆ ಅದನ್ನೇ ಮೇಲೆ ಇಡುತ್ತೇನೆ.

ಮೊದಲ ವರ್ಷ ಭಾರ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಮೂರೂ ಒಟ್ಟಿಗೆ ಬಂದು ಬೀಳುತ್ತವೆ. ನೆನಪಿನ ಶಕ್ತಿ ಹದಿನೆಂಟರಷ್ಟು ಚುರುಕಾಗಿರುವುದಿಲ್ಲ, ಶವಚ್ಛೇದನದ ಕೋಣೆಯಲ್ಲಿ ಗಂಟೆಗಟ್ಟಲೆ ನಿಂತ ಬೆನ್ನು ನೋಯುತ್ತದೆ. ಎರಡನೇ ವರ್ಷ ಔಷಧಶಾಸ್ತ್ರ ಬಂದಾಗ ಇಡೀ ತರಗತಿ ನಿಮ್ಮ ಸುತ್ತ ಕೂರುತ್ತದೆ. ಅಷ್ಟರಲ್ಲಿ ನೀವು ಎಲ್ಲರಿಗೂ ಅಕ್ಕನಾಗಿರುತ್ತೀರಿ. ವಾರ್ಡಿಗೆ ಹೋದ ಮೇಲೆ ವಯಸ್ಸು ನಿಜವಾಗಿ ಕೆಲಸಕ್ಕೆ ಬರುತ್ತದೆ. ಮಗುವಿಗೆ ಜ್ವರವೆಂದು ಬಂದ ತಾಯಿ ಹತ್ತೊಂಬತ್ತರ ಹುಡುಗನಿಗೆ ಹೇಳದ್ದನ್ನು ನಿಮಗೆ ಹೇಳುತ್ತಾಳೆ. ಕುಟುಂಬ ದತ್ತು ಕಾರ್ಯಕ್ರಮ ಎಂದು ವಿದ್ಯಾರ್ಥಿಗಳನ್ನು ಹಳ್ಳಿಯ ಮನೆಗಳಿಗೆ ಕಳುಹಿಸುತ್ತಾರೆ. ನಗರದ ಮಕ್ಕಳು ಅಲ್ಲಿ ಏನು ಮಾತನಾಡಬೇಕೆಂದು ತಿಳಿಯದೆ ಜಗುಲಿಯಲ್ಲಿ ನಿಂತಿರುತ್ತಾರೆ. ಇಂಟರ್ನ್‌ಶಿಪ್‌ನ ರಾತ್ರಿ ಪಾಳಿಗಳು, ಹೆರಿಗೆ ವಾರ್ಡಿನ ನಿದ್ದೆಯಿಲ್ಲದ ದಿನಗಳು ಮಾತ್ರ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಎರಡನೇ ಪ್ರಯತ್ನದಲ್ಲಿ ಸೀಟು ಸಿಕ್ಕರೆ 36ಕ್ಕೆ ಸೇರಿ 41–42ಕ್ಕೆ ವೈದ್ಯೆಯಾಗುತ್ತೀರಿ. ಎಂಡಿ ಅಥವಾ ಎಂಎಸ್ ಮಾಡಬೇಕೆಂದರೆ ಮತ್ತೊಂದು ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷ. ಓದಿಗೆ ವಯೋಮಿತಿ ತೆಗೆದರೂ ನೌಕರಿಗೆ ತೆಗೆದಿಲ್ಲ ಎಂಬುದನ್ನು ಯಾರೂ ಎತ್ತಿ ಹೇಳುವುದಿಲ್ಲ. ಯುಪಿಎಸ್‌ಸಿಯ ಸಂಯೋಜಿತ ವೈದ್ಯಕೀಯ ಸೇವೆಗೆ ಸಾಮಾನ್ಯ ಮಿತಿ 32, ಕೇಂದ್ರ ಆರೋಗ್ಯ ಸೇವೆಗೆ 35. ಸೇನೆಯ ಬಾಗಿಲೂ ಮುಚ್ಚಿರುತ್ತದೆ. ರಾಜ್ಯದ ಕಾಯಂ ವೈದ್ಯಾಧಿಕಾರಿ ಹುದ್ದೆಗೂ ಮಿತಿ ಇರುತ್ತದೆ, ಅದು ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗುತ್ತದೆ. ನಿಮಗೆ ಉಳಿಯುವುದು ಖಾಸಗಿ ಆಸ್ಪತ್ರೆ, ಗುತ್ತಿಗೆ ಹುದ್ದೆ, ಇಲ್ಲವೇ ಸ್ವಂತ ಚಿಕಿತ್ಸಾಲಯ. ಕೊನೆಯದಕ್ಕೆ ನಿವೃತ್ತಿಯಿಲ್ಲ. ನಿಮ್ಮ ಊರಿನಲ್ಲೇ ಒಂದು ಕೋಣೆ ಹಿಡಿದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಕ್ಕಳ ಜ್ವರ ನೋಡುವ ವೈದ್ಯೆ ಆಗುವುದು ನಿಮ್ಮ ಮನಸ್ಸಿನಲ್ಲಿರುವ ಚಿತ್ರವಾಗಿದ್ದರೆ ಈ ದಾರಿ ಹೊಂದುತ್ತದೆ. ಹೃದಯ ಶಸ್ತ್ರಚಿಕಿತ್ಸಕಿಯಾಗುವ ಚಿತ್ರವಾಗಿದ್ದರೆ ಹೊಂದುವುದಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ.

ಎರಡು ಸಲ ಬರೆದೂ ಸರ್ಕಾರಿ ಸೀಟು ದೂರವೇ ಉಳಿದರೆ ಅದೇ ನೀಟ್ ರ‍್ಯಾಂಕ್‌ನಲ್ಲಿ ಆಯುರ್ವೇದ ಸಿಗಬಹುದು, ಆದರೆ ಅದನ್ನು ಸೋತವರ ಸೀಟು ಎಂದುಕೊಂಡು ಸೇರುವುದಾದರೆ ಬೇಡ. ಅದಕ್ಕೂ ಐದೂವರೆ ವರ್ಷವೇ. ನಿಮ್ಮ ಬಿ.ಫಾರ್ಮಾ ಪದವಿಯ ಮೇಲೆ ಮೂರು ವರ್ಷದ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಇದೆ, ಪೋಸ್ಟ್ ಬ್ಯಾಕಲೋರಿಯಟ್ ಎಂದು ಕರೆಯುತ್ತಾರೆ. ನೀಟ್ ಬೇಕಿಲ್ಲ. ಕೊನೆಯ ವರ್ಷ ಪೂರ್ತಿ ಆಸ್ಪತ್ರೆಯ ವಾರ್ಡಿನಲ್ಲಿ, ವೈದ್ಯರ ಜೊತೆ ರೌಂಡ್ಸ್‌ನಲ್ಲಿ, ರೋಗಿಯ ಔಷಧಗಳ ಮೇಲೆ ನಿಗಾ ಇಡುವ ಕೆಲಸ. ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕಿಕೊಳ್ಳಬಹುದೆಂದು ಕೆಲವು ಕಾಲೇಜುಗಳು ಜಾಹೀರಾತು ಮಾಡುತ್ತವೆ, ಅದಕ್ಕಾಗಿ ಸೇರಬೇಡಿ, ಚಿಕಿತ್ಸೆ ಬರೆಯುವ ಅಧಿಕಾರ ಅದರಿಂದ ಬರುವುದಿಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕೆಲಸ ಮಾಡಬೇಕೆಂಬುದೇ ನಿಮ್ಮ ಆಸೆಯ ತಿರುಳಾಗಿದ್ದರೆ, ನಲವತ್ತಕ್ಕೆ ಮುಂಚೆ ಅಲ್ಲಿಗೆ ತಲುಪಿಸುವ ದಾರಿ ಅದು. ಪ್ರವೇಶದ ಅಧಿಸೂಚನೆಗಳನ್ನು ನೀಟ್ ತಯಾರಿಯ ಜೊತೆಗೇ ಗಮನಿಸುತ್ತಿರಿ.